ನಿಂತ ನೀರಿನ ರುಚಿ

ನೀರಿನ ರುಚಿ ತಂತಿಯ ಮೇಲೆ ಹರಿದು ಬರುವಂತಾದರೆ ಮೊದಲ ಗುಟುಕು ಯಾರ ನಾಲಿಗೆಗೆ ಸಲ್ಲಬೇಕು? ನದಿ ಬಯಲಿನ ಆ ಜಿಲ್ಲೆಯಲ್ಲಿ ಈ ಪ್ರಶ್ನೆ ಎದ್ದಾಗ ಜನ ಎರಡನೇ ಮಾತಿಲ್ಲದೆ ಯಲಗೂರಪ್ಪನವರ ಹೆಸರು ಹೇಳಿದ್ದರು. ಅವರು ಮೂವತ್ತನಾಲ್ಕು ವರ್ಷ ಊರೂರಿನಲ್ಲಿ ನೀರಿನ ವಾಲ್ವ್ ತಿರುಗಿಸಿದ ಮನುಷ್ಯ. ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಇದು ಯಾವ ಓಣಿಯ ಬೋರಿನದು, ಪೈಪು ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ, ಟಾಕಿ ತೊಳೆದು ಎಷ್ಟು ದಿನವಾಯಿತು ಎಂದು ಹೇಳಿಬಿಡುತ್ತಿದ್ದರು. ಅವರು ಹೇಳಿದ್ದು ಸುಳ್ಳಾದದ್ದನ್ನು ಕಂಡವರಿರಲಿಲ್ಲ. ಕಂಡೆ ಎಂದವರನ್ನು ಜನ ನಂಬುತ್ತಿರಲಿಲ್ಲ.

ರುಚಿ ಬರುತ್ತಿದ್ದ ಬಗೆ ಹೀಗೆ. ಪ್ರತಿ ಊರಿನ ಟಾಕಿಯೊಳಗೆ ಬೆರಳುದ್ದದ ಒಂದು ಕೃತಕ ನಾಲಿಗೆ ಮುಳುಗಿರುತ್ತದೆ. ಅದು ಸೆಕೆಂಡಿಗೆ ಹತ್ತು ಸಲ ನೀರನ್ನು ಸವಿದು, ಸವಿದದ್ದನ್ನು ಅಂಕಿಗಳಾಗಿಸಿ ಪಕ್ಕದ ಕಂಪ್ಯೂಟರ್ ಪೆಟ್ಟಿಗೆಗೆ ಕೊಡುತ್ತದೆ. ಪೆಟ್ಟಿಗೆ ಆ ಅಂಕಿಗಳನ್ನು ಜಿಲ್ಲಾ ಪಟ್ಟಣದ ಜಲರುಚಿ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಯಲಗೂರಪ್ಪನವರು ತೆಳ್ಳಗಿನ ಬೆಳ್ಳಿಯ ರುಚಿಪಟ್ಟಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಅಂಕಿಗಳು ಪಟ್ಟಿಯಲ್ಲಿ ಮತ್ತೆ ರುಚಿಯಾಗಿ, ಎಪ್ಪತ್ತು ಕಿಲೋಮೀಟರ್ ಆಚೆಯ ಟಾಕಿಯ ನೀರು ಅವರ ಬಾಯಿಗೆ ಬರುತ್ತದೆ.

ಮೀಟರುಗಳಿರುವಾಗ ಮನುಷ್ಯನ ನಾಲಿಗೆ ಯಾಕೆ ಎಂದು ಹೊಸಬರು ಕೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮೀಟರುಗಳೆಲ್ಲ ಒಕ್ಕೊರಲಿನಿಂದ ‘ಸರಿ’ ಎಂದ ನೀರು ಕುಡಿದು ಮೂರು ಊರಿನ ಜನ ಆಸ್ಪತ್ರೆ ಸೇರಿದ್ದರು. ಮೀಟರು ತನಗೆ ಹುಡುಕಲು ಹೇಳಿದ್ದನ್ನಷ್ಟೇ ಹುಡುಕುತ್ತದೆ. ನಾಲಿಗೆ ಹಾಗಲ್ಲ, ಹೆಸರು ಗೊತ್ತಿಲ್ಲದ್ದನ್ನೂ ‘ಇದೇನೋ ಬೇರೆ’ ಎಂದು ಹಿಡಿದು ನಿಲ್ಲಿಸುತ್ತದೆ. ಅದಾದ ಮೇಲೆ ಜಿಲ್ಲೆಯಲ್ಲಿ ಒಂದು ಕಟ್ಟಳೆ ಬಂತು. ದಿನಾ ಮುಂಜಾನೆ ಆರಕ್ಕೆ ಯಲಗೂರಪ್ಪನವರು ಒಂದೊಂದೇ ಊರಿನ ನೀರು ಸವಿದು ‘ಬಿಡ್ರಿ’ ಎನ್ನಬೇಕು, ಆಮೇಲೆಯೇ ಆ ಊರಿನ ವಾಲ್ವ್ ತಿರುಗಬೇಕು. ಊರಿಗೂ ಊರಿಗೂ ನಡುವೆ ನಾಲ್ಕು ಕಾಳು ಚುರುಮುರಿ, ಅಂದರೆ ಒಣ ಮಂಡಕ್ಕಿ, ಅಗಿದು ಅವರು ಬಾಯಿ ಸ್ವಚ್ಛ ಮಾಡಿಕೊಳ್ಳುತ್ತಿದ್ದರು.

ಆ ತಂತಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವರ ಸೊಸೆ ದ್ರಾಕ್ಷಾಯಿಣಿ. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದವಳು. ಪಟ್ಟಣದ ಇಪ್ಪತ್ತಾರು ವಾರ್ಡುಗಳ ಟಾಕಿಗಳಿಗೆ ಕಂಪನಿಯ ಹೊಚ್ಚ ಹೊಸ ಪೆಟ್ಟಿಗೆಗಳು ಬಂದಿದ್ದವು. ಹಳ್ಳಿಗಳ ಪಾಲಿಗೆ ಏನೂ ಬರಲಿಲ್ಲ. ದ್ರಾಕ್ಷಾಯಿಣಿ ತಾನು ಓದಿದ ಕಾಲೇಜಿನ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರುಗಳನ್ನು ಬೇಡಿ ತಂದಳು. ಒಂದೊಂದಕ್ಕೂ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಬೇಕಾದ ಪ್ರೋಗ್ರಾಮ್ ಬರೆದು, ನಲವತ್ತೆರಡು ಹಳ್ಳಿಗಳಲ್ಲಿ ತಾನೇ ಕೂಡಿಸಿ ಬಂದಳು. ಮೂರು ವರ್ಷದಲ್ಲಿ ಕಂಪನಿಯ ಪೆಟ್ಟಿಗೆಗಳು ಆರು ಸಲ ಕೆಟ್ಟವು. ಇವಳ ಪೆಟ್ಟಿಗೆಗಳು ಕೆಟ್ಟದ್ದು ಒಂದೇ ಸಲ, ಅದೂ ಇಲಿ ವೈರು ಕಡಿದಾಗ. ಈ ಲೆಕ್ಕವನ್ನು ಕೇಳಿದವರಿಗೂ ಕೇಳದವರಿಗೂ ಹೇಳುವ ಚಟ ಅವಳಿಗಿತ್ತು.

ಇಷ್ಟೆಲ್ಲ ಹೆಮ್ಮೆಗೆ ಮನೆಯವರು ತೆತ್ತ ಬೆಲೆಯನ್ನು ಅತ್ತೆ ಗಂಗವ್ವನ ಬಾಯಿಂದಲೇ ಕೇಳಬೇಕು. ನಾಲಿಗೆ ಚುರುಕಾಗಿರಬೇಕೆಂದು ಯಲಗೂರಪ್ಪನವರು ಖಾರ, ಚಹಾ, ಎಲೆ ಅಡಿಕೆ ಎಲ್ಲ ಬಿಟ್ಟಿದ್ದರು. ಒಬ್ಬರಿಗೆ ಸಪ್ಪೆ, ಮೂವರಿಗೆ ಖಾರ ಎಂದು ಎರಡೆರಡು ಅಡುಗೆ ಮಾಡುವುದು ಗಂಗವ್ವನಿಗೆ ಬೇಸರವಾಗಿ, ಇಡೀ ಮನೆಯೇ ಸಪ್ಪೆ ಉಣ್ಣುತ್ತಿತ್ತು. ಬಸ್ ಡ್ರೈವರನಾದ ಮಗ ಮಳಿಯಪ್ಪ ಮಾತ್ರ ಹೊರಗಿನ ಊಟವೇ ವಾಸಿಯೆಂದು ದೂರದ ರೂಟುಗಳನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ.

*

ಆ ಸೋಮವಾರ ಮೇಲಿನ ಕಚೇರಿಯಿಂದ ಕೇಂದ್ರಕ್ಕೆ ಹೊಸ ಫೈರ್‌ವಾಲ್ ಸರ್ವರ್ ಬಂತು. ಫೈರ್‌ವಾಲ್ ಎಂದರೆ ಬಾಗಿಲು ಕಾಯುವ ಯಂತ್ರ. ಊರಿನ ಪೆಟ್ಟಿಗೆಗಳಿಂದ ಈ ಬಾಗಿಲಿನ ತನಕ ವಿಪಿಎನ್ ಎಂಬ ಗುಪ್ತ ಸುರಂಗವಿರುತ್ತದೆ. ಹೊರಗಿನವರು ನಡುವೆ ಕೈ ಹಾಕಿ ಸುಳ್ಳು ರುಚಿ ತುಂಬಬಾರದೆಂದು ಅಂಕಿಗಳು ಅದರೊಳಗೇ ಓಡಾಡುತ್ತವೆ. ಹಳೆಯ ಸರ್ವರ್ ತೆಗೆದು ಹೊಸದನ್ನು ಇಟ್ಟು, ಅರವತ್ತೆಂಟು ಪೆಟ್ಟಿಗೆಗಳೂ ಸುರಂಗಕ್ಕೆ ಬಂದು ಸೇರಿದ್ದನ್ನು ನೋಡಿ, ಹಸಿರು ದೀಪಗಳನ್ನು ಎಣಿಸಿ, ದ್ರಾಕ್ಷಾಯಿಣಿ ಸಂಜೆ ನಾಲ್ಕಕ್ಕೆಲ್ಲ ಕೈ ತೊಳೆದುಕೊಂಡಳು.

ಮಂಗಳವಾರ ಮುಂಜಾನೆ ಯಲಗೂರಪ್ಪನವರು ಹುಬ್ಬು ಗಂಟಿಕ್ಕಿದರು. ಬುಧವಾರ ಹಳ್ಳಿಗಳ ನೀರನ್ನು ಎರಡೆರಡು ಸಲ ಸವಿದು, ಸವಿದಷ್ಟೂ ಅನುಮಾನ ಹೆಚ್ಚಾದರೂ ‘ಬಿಡ್ರಿ’ ಎಂದರು. ಗುರುವಾರ ಪಟ್ಟಣದ ಇಪ್ಪತ್ತಾರು ವಾರ್ಡು ಮುಗಿಸಿ, ಹಳ್ಳಿಗಳ ಪಾಳಿ ಬಂದಾಗ ಪಟ್ಟಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು.

“ಬಿಡಬ್ಯಾಡ್ರಿ,” ಎಂದರು. “ಇದು ತಂಗಳ.”

ಮುಂದಿನ ಊರಿನದೂ ತಂಗಳ. ಅದರ ಮುಂದಿನದೂ ತಂಗಳ. ಎಂಟು ಗಂಟೆಯ ಹೊತ್ತಿಗೆ ನಲವತ್ತೆರಡು ಹಳ್ಳಿಗಳ ನಲ್ಲಿಗಳು ಒಣಗಿ ನಿಂತಿದ್ದವು. ಒಂಬತ್ತಕ್ಕೆ ಫೋನುಗಳು ಶುರುವಾದವು. ಹತ್ತಕ್ಕೆ ಕೇಂದ್ರದ ಮುಖ್ಯಸ್ಥರಾದ ಎಂಜಿನಿಯರ್ ನಿಂಬರಗಿ ಸಾಹೇಬರು ಓಡಿಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಎರಡು ಫೋನು ಒಟ್ಟಿಗೆ ಬಂದರೆ ಅವರ ತಲೆ ಕೆಡುತ್ತಿತ್ತು. ಆ ದಿನ ಇಪ್ಪತ್ತು ಬಂದಿದ್ದವು.

“ಯಲಗೂರಪ್ಪ, ತಂಗಳ ಅಂದ್ರ ಏನು? ನೀರೇನು ಅನ್ನ ಏನು? ಪರದೆ ಮ್ಯಾಲೆ ನೋಡು, ಎಲ್ಲಾ ಮೀಟರು ಹಸರು ಅದಾವು.”

“ನೀರು ಕೆಟ್ಟೈತಿ ಅಂತ ನಾ ಹೇಳಾಕತ್ತಿಲ್ರಿ ಸಾಹೇಬ್ರ. ಇದು ಈ ಹೊತ್ತಿನ ನೀರಲ್ಲ ಅಂತ ಹೇಳಾಕತ್ತೀನಿ. ಈ ಹೊತ್ತಿನ ನೀರು ನನ್ನ ಬಾಯಿಗಿ ಬರೂತನಕ ನಾ ಬಿಡ್ರಿ ಅನ್ನೂದಿಲ್ಲ.”

ನಿಂಬರಗಿಯವರು ದ್ರಾಕ್ಷಾಯಿಣಿಯ ಕಡೆ ತಿರುಗಿದರು. “ತಂತಿಯಾಗ ಏನರ ದೋಷ ಐತೇನವಾ?”

ಆ ಪ್ರಶ್ನೆಯೇ ಅವಳಿಗೆ ಸ್ವಲ್ಪ ಚುಚ್ಚಿತು. ಅವಳ ತಂತಿಯಲ್ಲಿ ದೋಷವೇ? ಆದರೂ ಪರೀಕ್ಷೆ ಮಾಡಿದಳು. ನಲವತ್ತೆರಡೂ ಪೆಟ್ಟಿಗೆಗಳಿಗೆ ಪಿಂಗ್ ಕಳಿಸಿದಳು. ‘ಇದ್ದೀಯಾ’ ಎಂದು ಕೂಗುವುದು, ಪೆಟ್ಟಿಗೆ ‘ಇದ್ದೇನೆ’ ಎಂದು ಓಗೊಡುವುದು, ಅದೇ ಪಿಂಗ್. ಎಲ್ಲವೂ ಓಗೊಟ್ಟವು, ಒಂದೂ ತಪ್ಪಲಿಲ್ಲ. ಐದಾರು ಪೆಟ್ಟಿಗೆಗಳೊಳಗೆ ಕೂತಲ್ಲಿಂದಲೇ ಲಾಗಿನ್ ಆಗಿ ಇಣುಕಿದಳು. ಎಲ್ಲ ಪ್ರೋಗ್ರಾಮುಗಳೂ ಓಡುತ್ತಿದ್ದವು, ಕೃತಕ ನಾಲಿಗೆಗಳು ಸವಿಯುತ್ತಿದ್ದವು, ಪೆಟ್ಟಿಗೆಗಳು ಕಳಿಸುತ್ತಿದ್ದವು. ಅವಳು ಎದೆಯುಬ್ಬಿಸಿ ಎರಡು ಸಾಲಿನ ವರದಿ ಬರೆದಳು: ಸುರಂಗ ಸರಿಯಾಗಿದೆ, ಪೆಟ್ಟಿಗೆಗಳು ಸರಿಯಾಗಿವೆ. ಕೆಳಗೆ ಅಡ್ಡಗೆರೆ ಎಳೆದು ದೊಡ್ಡದಾಗಿ ಸಹಿ ಹಾಕಿದಳು.

ನಿಂಬರಗಿಯವರು ವರದಿ ಓದಿ ಕನ್ನಡಕ ತೆಗೆದು ಒರೆಸುತ್ತ ಹೇಳಿದರು. “ತಂತಿ ಸರಿ ಇತ್ತಂದ್ರ ಉಳಿದಿದ್ದು ಒಂದ. ಯಲಗೂರಪ್ಪಗ ಅರವತ್ತೆಂಟು ವಯಸ್ಸು. ನಾಲಿಗಿಗೂ ವಯಸ್ಸಾಗ್ತೈತಿ. ನಾಳೆ ಮಧ್ಯಾಹ್ನ ಮೂರಕ್ಕ ಡಾಕ್ಟರನ್ನ ಕರೆಸೀನಿ. ‘ಅಸಮರ್ಥ’ ಅಂತ ಅವರು ಬರದ್ರ ನನ್ನ ಕೈಯಾಗ ಏನೂ ಇಲ್ಲ. ನಾಡಿದ್ದಿನಿಂದ ಮೀಟರ ನೋಡಿನ ನೀರು ಬಿಡೂದು.”

ಆಗ ದ್ರಾಕ್ಷಾಯಿಣಿಗೆ ತಾನು ಏನು ಬರೆದುಕೊಟ್ಟೆ ಎಂಬುದು ಅರಿವಾಯಿತು. ತಂತಿ ಸರಿ ಎಂದು ಅವಳು ಹಾಕಿದ ಆ ದೊಡ್ಡ ಸಹಿ, ಮಾವನ ನಾಲಿಗೆ ಸರಿಯಿಲ್ಲ ಎಂದು ಹಾಕಿದ ಸಹಿಯೂ ಆಗಿತ್ತು. ಯಲಗೂರಪ್ಪನವರು ಚುರುಮುರಿಯ ಡಬ್ಬಿಯ ಮುಚ್ಚಳ ಹಾಕಿ, ರುಚಿಪಟ್ಟಿಯನ್ನು ಬಟ್ಟೆಯಲ್ಲಿ ಒರೆಸಿ ಅದರ ಸಣ್ಣ ಡಬ್ಬಿಯಲ್ಲಿಟ್ಟು, ಮನೆಗೆ ನಡೆದರು.

*

ಸಂಜೆ ಗಂಗವ್ವ ಒಲೆಯ ಮುಂದೆ ಕುಳಿತು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ದ್ರಾಕ್ಷಾಯಿಣಿ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಯಲಗೂರಪ್ಪನವರು ಗೋಡೆಗೆ ಒರಗಿ ಕೂತಿದ್ದರು.

“ನಾಳೆಯಿಂದ ಕೆಲಸ ಇರ್ತೈತೋ ಇಲ್ಲೋ,” ಎಂದಳು ಗಂಗವ್ವ. “ಪಲ್ಯಾಕ ಇವತ್ತರ ಖಾರ ಹಾಕ್ಲೇನು?”

“ಹಾಕಬ್ಯಾಡ. ಮುಂಜಾನಿ ಆರಕ್ಕ ನಂದು ಪಾಳಿ ಐತಿ.”

ಅವರು ಅಷ್ಟು ನೆಟ್ಟಗೆ ಹೇಳಿದ್ದು ಕೇಳಿ ದ್ರಾಕ್ಷಾಯಿಣಿ ಅವರ ಕಡೆ ತಿರುಗಿದಳು. “ಮಾವಾರ,” ಎಂದಳು, “ನಾ ಬರದಿದ್ದು ನಿಮ್ಮ ಮ್ಯಾಲೆ ಬರದಿದ್ದಲ್ರಿ. ನಂಗ ತಂತಿಯಾಗ ಏನೂ ಸಿಗಲಿಲ್ಲ.”

“ನೀ ಕಂಡಿದ್ದು ನೀ ಬರದಿ, ಅದರಾಗ ತಪ್ಪೇನೈತಿ? ಸುಳ್ಳು ಬರದಿದ್ರ ನಂಗ ಸಿಟ್ಟು ಬರ್ತಿತ್ತು.” ಅವರು ಸ್ವಲ್ಪ ಮುಂದೆ ಬಾಗಿದರು. “ಆದ್ರ ಒಂದು ಮಾತು ಕೇಳು. ಟಾಕಿಗಿ ನೀರು ಧುಮುಕುವಾಗ ಗಾಳಿ ಕೂಡ್ಕೊಂಡು ಒಂದು ರುಚಿ ಬರ್ತೈತಿ. ನಾಲಿಗಿ ಮ್ಯಾಲೆ ಚುರುಚುರು ಅಂತೈತಿ. ನೀರು ನಿಂತು ಎರಡು ತಾಸಾತಂದ್ರ ಅದು ಹೋಗಿ, ಟಾಕಿ ರುಚಿ ಹತ್ತತೈತಿ. ಕಲ್ಲಿನ ಟಾಕಿ ಇದ್ರ ಕಲ್ಲು, ಸಿಮೆಂಟ್ ಇದ್ರ ಸಿಮೆಂಟು. ಮುಂಜಾನಿ ಆರಕ್ಕ ನಂಗ ಬರಬೇಕಾದ್ದು ಆ ನಿಂತ ನೀರು. ಹೌದಿಲ್ಲೋ?”

“ಹೌದ್ರಿ.”

“ಮಂಗಳವಾರದಿಂದ ಬರಾಕತ್ತಿದ್ದು ಚುರುಚುರು ಅನ್ನೂದು. ಹಿಂದಿನ ದಿನ ಸಂಜಿಮುಂದ ತುಂಬಿದ ನೀರು. ನಲವತ್ತೆರಡು ಊರಾಗೂ ಹಂಗ. ಕಲಕಿದ ನೀರು ನಂಗ ಮುಟ್ಟತೈತಿ, ನಿಂತ ನೀರು ಮುಟ್ಟವಲ್ದು. ಪ್ಯಾಟಿ ಒಳಗಿನ ಟಾಕಿಗಳದು ಮಾತ್ರ ನಿಂತಿದ್ದೂ ಬರ್ತೈತಿ.”

ಕಲಕಿದ್ದು ಬರುತ್ತದೆ, ನಿಂತದ್ದು ಬರುವುದಿಲ್ಲ. ದ್ರಾಕ್ಷಾಯಿಣಿಯ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವ ಬದಲು ನೆಲಕ್ಕೆ ಬಿತ್ತು. ಗಂಗವ್ವ ಬೈದದ್ದು ಅವಳ ಕಿವಿಗೆ ಹೋಗಲೇ ಇಲ್ಲ.

ಅವಳಿಗೆ ನೆನಪಾದದ್ದು ಕಂಪ್ರೆಷನ್. ಹಳ್ಳಿಗಳ ಸಂಪರ್ಕ ತೀರ ಸಣ್ಣದು, ಸೆಕೆಂಡಿಗೆ ಹತ್ತು ಸಲದ ಅಂಕಿಗಳನ್ನು ದಿನವಿಡೀ ಹೊರಲಾರದು. ಅದಕ್ಕೆ ಮೂರು ವರ್ಷದ ಹಿಂದೆ ಅವಳೇ ಒಂದು ಉಪಾಯ ಮಾಡಿದ್ದಳು: ಅಂಕಿಗಳನ್ನು ಒತ್ತಿ ಸಣ್ಣದು ಮಾಡಿ ಸುರಂಗಕ್ಕೆ ಬಿಡುವುದು. ಐದು, ಐದು, ಐದು ಎಂದು ನೂರು ಸಲ ಬರೆಯುವ ಬದಲು ‘ಐದು, ನೂರು ಸಲ’ ಎಂದು ಬರೆದಂತೆ. ನಿಂತ ನೀರಿನ ಅಂಕಿಗಳು ಒಂದೇ ಸಮನಾಗಿರುತ್ತವೆ, ಚೆನ್ನಾಗಿ ಒತ್ತಿಕೊಳ್ಳುತ್ತವೆ. ಕಲಕಿದ ನೀರಿನ ಅಂಕಿಗಳು ದಿಕ್ಕಾಪಾಲಾಗಿರುವುದರಿಂದ ಒತ್ತಿದರೂ ಸಣ್ಣದಾಗುವುದಿಲ್ಲ. ಅಂಥವನ್ನು ಪೆಟ್ಟಿಗೆ ಇದ್ದ ಹಾಗೆಯೇ ಕಳಿಸುತ್ತದೆ. ಹೊಸ ಸರ್ವರಿಗೆ ಒತ್ತಿದ ಗಂಟನ್ನು ಬಿಚ್ಚಲು ಬರದಿದ್ದರೆ? ಪಿಂಗ್ ತೀರ ಚಿಕ್ಕದು, ಅದನ್ನು ಒತ್ತುವುದೇ ಇಲ್ಲ. ಅವಳ ಲಾಗಿನ್ ಮೊದಲೇ ಗೂಢಲಿಪಿಯಲ್ಲಿರುತ್ತದೆ, ಅದೂ ಒತ್ತಲು ಬಾರದ ಗೊಂದಲವೇ. ಅವಳು ಪರೀಕ್ಷೆಗೆಂದು ಕಳಿಸಿದ್ದೆಲ್ಲ ಪಾರಾಗಿ ಬಂದಿತ್ತು. ನಿಂತ ನೀರಿನ ರುಚಿಯೊಂದೇ ಬಾಗಿಲಲ್ಲಿ ಸಿಕ್ಕಿಬಿದ್ದಿತ್ತು.

“ಮಾವಾರ, ಮುಂಜಾನಿ ನಿಮ್ಮ ನಾಲಿಗಿ ನಂಗ ಬೇಕು,” ಎಂದಳು.

“ಅದು ಯಾವಾಗ ಬ್ಯಾಡಾಗಿತ್ತು?” ಎಂದರು ಯಲಗೂರಪ್ಪನವರು.

*

ಶುಕ್ರವಾರ ಆರಕ್ಕೆ ಇಬ್ಬರೂ ಕೇಂದ್ರದಲ್ಲಿದ್ದರು. ಅವಳು ಆರಿಸಿಕೊಂಡದ್ದು ಕೆಂಚನಾಳ ಎಂಬ ಊರನ್ನು. ಅಲ್ಲಿನ ಟಾಕಿ ನೋಡಿಕೊಳ್ಳುವ ಮೈಬೂಬಿ ಗಟ್ಟಿ ಹೆಂಗಸು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಮೊದಲು ಎಣಿಕೆ. ಕೆಂಚನಾಳದ ಪೆಟ್ಟಿಗೆಯಿಂದ ಒಂದು ನಿಮಿಷಕ್ಕೆ ಆರುನೂರು ಸಲದ ರುಚಿ ಹೊರಟಿತ್ತು. ಕೇಂದ್ರಕ್ಕೆ ಬಂದು ಮುಟ್ಟಿದ್ದು ಸೊನ್ನೆ. ನಿನ್ನೆ ಇದನ್ನು ಎಣಿಸಿದ್ದರೆ ಆಗುತ್ತಿತ್ತು. ಹಸಿರು ದೀಪವಿರುವಾಗ ಎಣಿಸಲು ಅವಳಿಗೆ ತೋಚಿರಲಿಲ್ಲ.

ಅವಳು ಮೈಬೂಬಿಗೆ ಫೋನು ಮಾಡಿದಳು. “ಅಕ್ಕಾ, ಟಾಕಿ ಮುಚ್ಚಳ ತಗದು, ಉದ್ದನ್ನ ಗಳ ತಗೊಂಡು ನಾಲಿಗಿ ಇರೂ ಕಡೆ ನೀರು ಜೋರ್ ಕಲಕ್ರಿ. ನಾ ಸಾಕು ಅನ್ನೂತನಕ ಬಿಡಬ್ಯಾಡ್ರಿ.”

“ಮಜ್ಜಿಗಿ ಕಡದಂಗ?”

“ಹಂಗ ಅನ್ರಿ.”

ಯಲಗೂರಪ್ಪನವರು ಪಟ್ಟಿಯನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ದ್ರಾಕ್ಷಾಯಿಣಿ ಪರದೆಯ ಮೇಲಿನ ಎಣಿಕೆ ನೋಡುತ್ತ ನಿಂತಳು. ಸೊನ್ನೆ. ಸೊನ್ನೆ. ಫೋನಿನಲ್ಲಿ ನೀರು ಸಪ್ಪಳ ಮಾಡಿತು, ಮೈಬೂಬಿಯ ಏದುಸಿರು ಕೇಳಿತು. ಇಪ್ಪತ್ತು. ನೂರ ಎಪ್ಪತ್ತು. ಐನೂರ ನಲವತ್ತು.

ಯಲಗೂರಪ್ಪನವರ ಮುಖ ಒಮ್ಮೆಲೇ ಕಿವುಚಿಕೊಂಡಿತು. ಅವರು ಪಟ್ಟಿಯನ್ನು ಕಿತ್ತು, ಬಗ್ಗಿ, ಪಕ್ಕದ ಬಕೆಟ್ಟಿಗೆ ಮೂರು ಸಲ ಉಗುಳಿದರು. ಇಲ್ಲದ ನೀರನ್ನು ಉಗುಳುವುದು ನೋಡುವವರಿಗೆ ವಿಚಿತ್ರವೇ, ಆದರೆ ಅವರ ಬಾಯಿಗೆ ಅದು ಇದ್ದ ನೀರೇ ಆಗಿತ್ತು.

“ಬಣ್ಣ,” ಎಂದರು. “ಟಾಕಿ ಒಳಗ ಬಣ್ಣ ಬಳದಾರ. ಹಸಿ ಇದ್ದಾಗನ ನೀರು ತುಂಬ್ಯಾರ.”

ದ್ರಾಕ್ಷಾಯಿಣಿ ಫೋನಿನಲ್ಲಿ ಕೇಳಿದಳು. ಹೌದು, ಮಂಗಳವಾರ ಪಂಚಾಯಿತಿಯ ಆಳುಗಳು ಬಂದು ಟಾಕಿ ಬರಿದು ಮಾಡಿಸಿ ಒಳಗೆ ನೀಲಿ ಬಣ್ಣ ಹಚ್ಚಿ ಹೋಗಿದ್ದರು. ಒಣಗಿದೆ ಎಂದು ಅವರೇ ಹೇಳಿ, ಬುಧವಾರ ಸಂಜೆ ನೀರು ತುಂಬಿಸಿದ್ದರು. “ಆ ನೀರು ಒಂದು ಹನಿನೂ ಊರಿಗಿ ಬಿಟ್ಟಿಲ್ರಿ,” ಎಂದಳು ಮೈಬೂಬಿ. “ನಿಮ್ಮ ಕಡೆಯಿಂದ ಬಿಡ್ರಿ ಅಂತ ಬರಲಿಲ್ಲಲಾ. ಊರ ಮಂದಿ ಕಡೆಯಿಂದ ನಿನ್ನೆಲ್ಲಾ ಬೈಸ್ಕೊಂಡೀನಿ.”

ಕೆಂಚನಾಳದಲ್ಲಿ ಸಾವಿರದ ಎಂಟುನೂರು ಜನರಿದ್ದರು. ಸಂಜೆ ತುಂಬುವಾಗ ಕೃತಕ ನಾಲಿಗೆಗೆ ತಗುಲಿದ್ದು ಪೈಪಿನಿಂದ ಬೀಳುವ ಚೊಕ್ಕ ಹೊಳೆ ನೀರು. ಅದರ ರುಚಿಯೇ ಗುರುವಾರ ಮುಂಜಾನೆ ಮಾವನ ಬಾಯಿಗೆ ಬಂದಿತ್ತು. ಬಣ್ಣ ಬಿಟ್ಟುಕೊಂಡು ರಾತ್ರಿಯಿಡೀ ನಿಂತ ನೀರಿನ ರುಚಿ ದಾರಿಯಲ್ಲೇ ಬಿದ್ದುಹೋಗಿತ್ತು. ಚೆನ್ನಾಗಿರುವ ರುಚಿ ಬಾಯಲ್ಲಿರುವಾಗಲೂ ‘ಬಿಡಬ್ಯಾಡ್ರಿ’ ಎನ್ನಲು ಎಂಥ ನಾಲಿಗೆ ಬೇಕು ಎಂದು ಯೋಚಿಸಿ ದ್ರಾಕ್ಷಾಯಿಣಿಗೆ ಹೆಮ್ಮೆಯಿಂದ ಕಣ್ಣು ತುಂಬಿದವು. ಅದೇ ಹೊತ್ತಿಗೆ ನಾಚಿಕೆಯೂ ಆಯಿತು.

ನಾಚಿಕೆ ಪಡಬೇಕಾದದ್ದು ಇನ್ನೂ ಇತ್ತು. ಅವಳು ಸರ್ವರಿನ ದಾಖಲೆಯನ್ನು ಪೂರ್ತಿ ವಿವರ ತೋರಿಸುವಂತೆ ಬದಲಾಯಿಸಿ ತೆರೆದಳು. ಒಂದೇ ಸಾಲು ಸಾವಿರಾರು ಸಲ: ಗುರುತಿಲ್ಲದ ಕಂಪ್ರೆಷನ್ ತಲೆಬರಹ, ಪ್ಯಾಕೆಟ್ ತಿರಸ್ಕರಿಸಲಾಗಿದೆ. ಒತ್ತಿದ ಗಂಟುಗಳನ್ನೆಲ್ಲ ಸರ್ವರ್ ಬಿಸಾಡುತ್ತಿತ್ತು. ಹೊಸ ಸರ್ವರಿನಲ್ಲಿ ಕಂಪ್ರೆಷನ್ನನ್ನು ಬೇಕೆಂದೇ ನಿಲ್ಲಿಸಿದ್ದರು. ಒತ್ತಿದ ಗಂಟು ಎಷ್ಟು ದಪ್ಪವಿದೆ ಎಂದು ಅಳೆದೇ ಒಳಗೇನಿದೆ ಎಂದು ಊಹಿಸುವ ಕಳ್ಳರಿದ್ದಾರೆ, ಅದಕ್ಕೆ. ಕಂಪನಿಯ ಪೆಟ್ಟಿಗೆಗಳು ಸುರಂಗಕ್ಕೆ ಬರುವಾಗಲೇ ಸರ್ವರನ್ನು ಕೇಳಿ ಅದು ಹೇಳಿದಂತೆ ನಡೆಯುತ್ತವೆ. ಅವಳ ಲಿನಕ್ಸ್ ಪೆಟ್ಟಿಗೆಗಳು ಯಾರನ್ನೂ ಕೇಳುವುದಿಲ್ಲ, ತಮ್ಮೊಳಗಿನ ಕಡತ ಹೇಳಿದಂತೆ ನಡೆಯುತ್ತವೆ. ಆ ಕಡತವನ್ನು ತೆರೆದರೆ ಕಂಪ್ರೆಷನ್ ಹಾಕುವ ಸಾಲು ಅಲ್ಲೇ ಇತ್ತು. ಅದರ ಮೇಲೆ ಮೂರು ವರ್ಷದ ಹಿಂದಿನ ಅವಳದೇ ಟಿಪ್ಪಣಿ: ‘ಇದನ್ನು ಯಾರೂ ಮುಟ್ಟಬಾರದು. ದ್ರಾ.’ ಸರ್ವರ್ ಬದಲಾದ ದಿನ ಎರಡೂ ಕಡೆಯ ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಬೇಕಾದದ್ದು ಅವಳ ಕೆಲಸವಾಗಿತ್ತು. ಅವಳು ದೀಪ ಎಣಿಸಿ ಮನೆಗೆ ಹೋಗಿದ್ದಳು.

“ಹಂಗಾದ್ರ ರುಚಿ ಬರದಿದ್ದಾಗ ನನ್ನ ಬಾಯಾಗ ಏನೂ ಬರಬಾರದಿತ್ತು,” ಎಂದರು ಯಲಗೂರಪ್ಪನವರು. “ಹಳೇದು ಯಾಕ ಬಂತು?”

ದ್ರಾಕ್ಷಾಯಿಣಿ ತಲೆ ತಗ್ಗಿಸಿದಳು. “ಅದೂ ನಾನ ಮಾಡಿದ್ದ್ರಿ. ಮೊದಲ ವರ್ಷ ತಂತಿ ಕಡದಾಗೆಲ್ಲಾ ಪಟ್ಟಿ ಕಬ್ಬಿಣ ನೆಕ್ಕಿದಂಗ ಆಗ್ತೈತಿ ಅಂತ ನೀವು ಊಟ ಬಿಡ್ತಿದ್ರಿ. ನೋಡಾಕ ಆಗಲಿಲ್ಲ. ರುಚಿ ಬರದಿದ್ರ ಹಿಂದಿಂದ ಹಿಡಕೊಂಡು ನಿಂದ್ರು ಅಂತ ಪ್ರೋಗ್ರಾಮಿನಾಗ ಬರದಿದ್ದೆ. ನಿಮಗ ಹೇಳಲಿಲ್ಲ.”

ಯಲಗೂರಪ್ಪನವರು ಅವಳನ್ನೇ ನೋಡಿದರು. ಎರಡು ವರ್ಷದಿಂದ ಬಾಯಿ ಕೆಡದೆ ಊಟ ಸೇರಿದ್ದರ ಗುಟ್ಟು ಅವರಿಗೆ ಈಗ ತಿಳಿಯಿತು. ಮೊದಲು ಅವರ ಮುಖ ಮೆತ್ತಗಾಯಿತು. ಆದರೆ ಮಾತು ಮೆತ್ತಗಿರಲಿಲ್ಲ.

“ನನ್ನ ಬಾಯಿಗಿ ಕಬ್ಬಿಣ ಬಂದ್ರ ಬರ್ಲಿ ತಂಗಿ. ಇಲ್ಲದ ನೀರು ಐತಿ ಅಂತ ನನ್ನ ನಾಲಿಗಿಗಿ ಎಂದೂ ಹೇಳಬ್ಯಾಡ. ತಗದು ಹಾಕು ಅದನ್ನ.”

ಅವಳು ಅವರ ಕಣ್ಣೆದುರೇ ಆ ಸಾಲುಗಳನ್ನು ಅಳಿಸಿದಳು. ಇನ್ನು ಕಂಪ್ರೆಷನ್. ಅದನ್ನು ತೆಗೆದರೆ ಸಣ್ಣ ಸಂಪರ್ಕ ಹತ್ತು ಸಲದ ಭಾರವನ್ನು ದಿನವಿಡೀ ಹೊರುವುದಿಲ್ಲ. ಕಳಿಸುವುದನ್ನೇ ಕಡಿಮೆ ಮಾಡಬೇಕು. ಎಷ್ಟಕ್ಕೆ ಇಳಿಸಬಹುದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

“ಸೆಕೆಂಡಿಗೆ ಹತ್ತು ಸಲದ ಬದಲಿ ನಾಕು ಸಲ ಬಂದ್ರ ನಿಮಗ ಸಾಕಾಗ್ತೈ‌ತೇನ್ರಿ ಮಾವಾರ?”

“ನಾಲಿಗಿ ಏನು ಓಟಕ್ಕ ನಿಂತೈತೇನು? ಎರಡು ಸಲ ಸಾಕು. ಖರೇದು ಬಂದ್ರ ಆತು.”

ನಲವತ್ತೆರಡು ಪೆಟ್ಟಿಗೆಗಳಿಗೂ ಒಂದೊಂದಾಗಿ ಲಾಗಿನ್ ಆಗಿ, ಕಂಪ್ರೆಷನ್ ಸಾಲು ಅಳಿಸಿ, ಹತ್ತನ್ನು ಎರಡು ಮಾಡಿ, ಸುರಂಗವನ್ನು ಮತ್ತೆ ಹೂಡಿ, ಕಳಿಸಿದ್ದೆಷ್ಟು ಬಂದದ್ದೆಷ್ಟು ಎಂದು ಎಣಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು. ನೂರ ಇಪ್ಪತ್ತು ಹೊರಟರೆ ನೂರ ಇಪ್ಪತ್ತೇ ಬರುತ್ತಿತ್ತು.

*

ಎರಡೂವರೆಗೆ ಬಂದ ನಿಂಬರಗಿ ಸಾಹೇಬರ ಮುಂದೆ ಅವಳು ನಡೆದದ್ದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವರಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಕೆಂಚನಾಳದ ಮೀಟರು ಈಗಲೂ ಹಸಿರಾಗಿಯೇ ಇತ್ತು. ಬಣ್ಣವನ್ನು ಹುಡುಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ನೀವ ಒಮ್ಮೆ ನೋಡ್ರಲಾ ಸಾಹೇಬ್ರ,” ಎಂದು ಯಲಗೂರಪ್ಪನವರು ಪಟ್ಟಿಯನ್ನು ತೊಳೆದು ಮುಂದೆ ಹಿಡಿದರು.

ನಿಂಬರಗಿಯವರು ಕೆಲಸಕ್ಕೆ ಸೇರಿದಾಗಿನಿಂದ ಆ ಪಟ್ಟಿಯನ್ನು ನಾಲಿಗೆಗೆ ಇಟ್ಟವರಲ್ಲ. ಇಟ್ಟುಕೊಂಡರು. ಎರಡು ಸೆಕೆಂಡು ಗಂಭೀರವಾಗಿ ನಿಂತಿದ್ದು, ಮೂರನೆಯದಕ್ಕೆ ಬಕೆಟ್ಟಿನ ಕಡೆ ಓಡಿದರು. ಆಮೇಲೆ ಬಾಯಿ ಮುಕ್ಕಳಿಸುತ್ತಲೇ ಕೆಂಚನಾಳದ ಟಾಕಿ ಬರಿದು ಮಾಡಲು ಆದೇಶ ಬರೆದರು. ಡಾಕ್ಟರು ಸರಿಯಾಗಿ ಮೂರಕ್ಕೆ ಬಂದು, ನೋಡಬೇಕಾದ ನಾಲಿಗೆ ಕೆಲಸದಲ್ಲಿದೆ ಎಂದು ತಿಳಿದು, ಚಹಾ ಕುಡಿದು ಹೋದರು.

ಯಲಗೂರಪ್ಪನವರು ಉಳಿದ ನಲವತ್ತೊಂದು ಊರುಗಳನ್ನು ಸವಿಯತೊಡಗಿದರು. ಕಲ್ಲಿನ ಟಾಕಿಯದು ಕಲ್ಲು, ಸಿಮೆಂಟಿನದು ಸಿಮೆಂಟು. ‘ಬಿಡ್ರಿ’ ಎನ್ನುವಾಗ ಅವರ ದನಿ ಊರಿಂದೂರಿಗೆ ಏರುತ್ತ ಹೋಯಿತು. ನಡುವೆ ಒಂದು ಊರಿಗೆ ಪಟ್ಟಿ ಇಟ್ಟ ಕೂಡಲೇ ಮುಖ ಸಿಂಡರಿಸಿ, “ಕಬ್ಬಿಣ. ಇಲ್ಲಿ ತಂತಿ ಕಡದೈತಿ,” ಎಂದರು. ನೋಡಿದರೆ ನಿಜವಾಗಿಯೂ ಆ ಊರಿನ ಸಂಪರ್ಕ ಆಗಷ್ಟೇ ಕಡಿದಿತ್ತು. ಹತ್ತು ನಿಮಿಷಕ್ಕೆ ಸರಿಹೋಯಿತು. ಐದು ಗಂಟೆಗೆ ಕೊನೆಯ ಊರಿನ ನೀರು ಬಿಟ್ಟರು.

ದ್ರಾಕ್ಷಾಯಿಣಿ ಅಷ್ಟರಲ್ಲಿ ಹೊಸ ವರದಿ ಬರೆದು ಮುಗಿಸಿದ್ದಳು. ನಿಂಬರಗಿಯವರು ಅದನ್ನು ಓದಿ, ದನಿ ತಗ್ಗಿಸಿ ಹೇಳಿದರು. “ನಿನ್ನ ಹೆಸರು ಯಾಕ ಬರದಿ? ತಾಂತ್ರಿಕ ಕಾರಣ ಅಂತ ಹಾಕು, ಮುಗೀತು. ಇದು ಮ್ಯಾಲಿನ ಕಚೇರಿಗಿ ಹೋದ್ರ ನಿನಗ ಕಾರಣ ಕೇಳಿ ನೋಟಿಸ್ ಬರ್ತೈತಿ.”

“ಬರ್ಲಿ ಬಿಡ್ರಿ ಸರ್. ಬರೇ ತಾಂತ್ರಿಕ ಕಾರಣ ಅಂತ ಬರದ್ರ, ನಾಳೆ ಯಾರರ ಓದಿದವರು ಮುದುಕನ ನಾಲಿಗೀನೂ ಅದರಾಗ ಒಂದು ಕಾರಣ ಇರಬೇಕು ಅಂತಾರ. ಅಂಥ ಅನುಮಾನ ಕಾಗದದ ಮ್ಯಾಲೆ ಉಳಿಯೂದು ನಂಗ ಬ್ಯಾಡ.”

ಅವಳು ನಿನ್ನೆಯ ವರದಿಯನ್ನು ಹರಿಯಲಿಲ್ಲ. ಅದರ ಮೇಲೆ ‘ಇದು ತಪ್ಪು’ ಎಂದು ಬರೆದು, ದಿನಾಂಕ ಹಾಕಿ, ಹೊಸದರ ಕೆಳಗೆ ಲಗತ್ತಿಸಿದಳು. ಪಾಳಿ ಮುಗಿಸಿ ಎದ್ದ ಯಲಗೂರಪ್ಪನವರು ಮೇಜಿನ ಹತ್ತಿರ ಬಂದರು. ಓದು ಬಾರದ ಅವರು ಕಾಗದದ ಮೇಲೆ ಬೆರಳಾಡಿಸಿ, “ಏನು ಬರದಿ?” ಎಂದು ಕೇಳಿದರು.

“ದೋಷ ಇದ್ದದ್ದು ತಂತಿಯಲ್ಲಿ,” ಎಂದು ಅವಳು ಓದಿದಳು. “ತಂತಿಯ ಹೊಣೆ ನನ್ನದು. ರುಚಿ ನೋಡುವ ಯಲಗೂರಪ್ಪನವರ ನಾಲಿಗೆ ಸರಿಯಾಗಿದೆ. ಅವರು ನೀರು ತಡೆದದ್ದರಿಂದ ಕೆಂಚನಾಳದ ಸಾವಿರದ ಎಂಟುನೂರು ಜನ ಉಳಿದರು.”

ಕೋಣೆಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದ್ದರು. ಯಲಗೂರಪ್ಪನವರು ಅಂಗಿಯ ತೋಳು ಸರಿಮಾಡಿಕೊಂಡು, ಕುರ್ಚಿ ಎಳೆದು ಅವಳ ಎದುರಿಗೆ ನೆಟ್ಟಗೆ ಕುಳಿತರು.

“ನಾಲಿಗಿದು ಏನೋ ಬರದಿಯಲ್ಲ,” ಎಂದರು. “ಅದೊಂದು ಸಾಲು ಮತ್ತೊಮ್ಮೆ ಓದು.”

ದ್ರಾಕ್ಷಾಯಿಣಿ ಎದ್ದು ನಿಂತು, ಹೊರಗಿನ ವರಾಂಡದವರಿಗೂ ಕೇಳುವಷ್ಟು ಜೋರಾಗಿ ಓದಿದಳು.